ಎರಡು ವರ್ಷದ ದೊಡ್ಡಮ್ಮ

"ನಮ್ಮ ಮುತ್ತಜ್ಜಿ ಕಳೆದುಹೋಗಿದಾರೆ. ಹುಡುಕಿಕೊಡ್ತೀರಾ?"

ಬಾಗಿಲಲ್ಲಿ ನಿಂತವನು ನಗಲಿಲ್ಲ. ಅದಕ್ಕೇ ಅವಳಿಗೆ ನಗು ಬಂತು.

"ಯಾವಾಗಿಂದ ಕಾಣ್ತಿಲ್ಲ?"

"ಮೊದಲಿಂದಲೂ. ಅಂದ್ರೆ... ಅವರು ಯಾರ ಮಗಳು, ಯಾವೂರಲ್ಲಿ ಹುಟ್ಟಿದ್ರು, ಏನೂ ಗೊತ್ತಿಲ್ಲ. 'ನಮ್ಮಮ್ಮನಿಗೆ ತವರು ಅಂತ ಒಂದಿತ್ತೋ ಇಲ್ವೋ' ಅಂತ ಅಜ್ಜಿ ಒಂದೇ ಸಮ ಕೇಳ್ತಾರೆ."

ಮನೆತನಗಳ ಬೇರು ಹುಡುಕಿಕೊಡುವುದೇ ಅವಳ ಕಸುಬು. ಔಷಧಿ ಅಂಗಡಿಯ ಮೇಲೆ ಒಂದು ಕೋಣೆ, ಒಂದು ಮೇಜು, ಗೋಡೆ ತುಂಬ ಬೇರೆಯವರ ವಂಶವೃಕ್ಷ. ಎಲ್ಲರೂ ಅವಳನ್ನು 'ಪತ್ತೇದಾರಿ' ಎಂದೇ ಕರೆಯುತ್ತಿದ್ದರು. ಆ ಹೆಸರಿನ ಮೇಲೆ ಅವಳಿಗೆ ಸ್ವಲ್ಪ ಜಂಬವೂ ಇತ್ತು.

ಬಂದವನು ಎದುರು ಬೀದಿಯ ಕನ್ನಡಕದ ಅಂಗಡಿಯವನು. ಮಾತಾಡುವಾಗ ಎದುರಿನವರ ಕಣ್ಣನ್ನೇ ನೋಡುತ್ತಿದ್ದ. ಅದು ಕಸುಬಿನ ಅಭ್ಯಾಸ ಅಷ್ಟೇ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಮತ್ತೊಮ್ಮೆ ಹೇಳಿಕೊಳ್ಳಬೇಕಾಯಿತು.

"ಹುಡುಕಿಕೊಡ್ತೀನಿ. ನನ್ನ ಕೈಯಿಂದ ತಪ್ಪಿಸಿಕೊಳ್ಳೋ ಮುತ್ತಜ್ಜಿ ಇನ್ನೂ ಹುಟ್ಟಿಲ್ಲ."

"ನಮ್ಮವರು ಹುಟ್ಟಿದಾರೆ ಅನ್ನೋದಕ್ಕೇ ದಾಖಲೆ ಇಲ್ಲ," ಎಂದ ಅವನು. ಈ ಸಲ ಇಬ್ಬರೂ ನಕ್ಕರು.

ಆಮೇಲೆ ನೆಪಗಳಿಗೇನು ಬರ? ಮುತ್ತಜ್ಜಿಯ ಮದುವೆಯ ದಾಖಲೆ ಸಿಕ್ಕಿತೆಂದು ಅವಳು ಅಂಗಡಿಗೆ ಹೋದಳು. ಅದರಲ್ಲಿ ಅವರ ಅಪ್ಪ ಅಮ್ಮನ ಹೆಸರಿತ್ತು, ಊರೂ ಇತ್ತು. ಆ ಊರಿನ ನೋಂದಣಿ ಕಚೇರಿಗೆ ಅವನು ಸ್ಕೂಟರಿನಲ್ಲಿ ಕರೆದುಕೊಂಡು ಹೊರಟ. ದಾರಿಯಲ್ಲಿ ಕೆಟ್ಟ ಸ್ಕೂಟರನ್ನು ಇಬ್ಬರೂ ಬಿಸಿಲಲ್ಲಿ ತಳ್ಳಿದರು, ಒಬ್ಬರಿಗೂ ಬೇಸರವಾಗಲಿಲ್ಲ. ಇದಕ್ಕೆ ಏನನ್ನುತ್ತಾರೆಂದು ಓದುವ ನಿಮಗೆ ಗೊತ್ತು. ಅವರಿಬ್ಬರಿಗೆ ಮಾತ್ರ ಗೊತ್ತಿರಲಿಲ್ಲ.

ಕಚೇರಿಯಲ್ಲಿ ಆ ಪುಟ ಸಿಕ್ಕಿತು.

ಅದೇ ಹೆಸರು. ಅದೇ ಅಪ್ಪ, ಅದೇ ಅಮ್ಮ. ಹೆಣ್ಣು ಮಗು, ವಯಸ್ಸು ಎರಡು, ಜ್ವರದಿಂದ ಸಾವು.

ಸಾವಿನ ದಾಖಲೆ ಸಿಕ್ಕಿದ ಮೇಲೆ ಆ ಹೆಸರನ್ನು ಮುಂದಕ್ಕೆ ಹುಡುಕಬಾರದು. ಇದು ಅವಳೇ ಮಾಡಿಕೊಂಡ ನಿಯಮ. ಪುಸ್ತಕ ಮುಚ್ಚಿದಳು. ಸಂಜೆ ಅವನ ಮನೆಯಲ್ಲಿ ಅಜ್ಜಿಯ ಎದುರು ಕೂತು, ಎಂದಿನ ಧೈರ್ಯದಲ್ಲೇ ಹೇಳಿಬಿಟ್ಟಳು.

"ಸತ್ತವರು ಮದುವೆ ಆಗೋಕಾಗಲ್ಲ ಅಜ್ಜಿ. ಆ ಮಗುವಿನ ಹೆಸರು ಹೇಳಿಕೊಂಡು ಬೇರೆ ಯಾರೋ ಬದುಕಿದಾರೆ. ಇಂಥದ್ದನ್ನ ನಾನು ಮುಂಚೆನೂ ನೋಡಿದೀನಿ."

ತೊಂಬತ್ತರ ಅಜ್ಜಿ ಅವಳ ಕಡೆ ಬಾಗಿದರು.

"ಹಾಗಾದ್ರೆ ನಾನು ಯಾರ ಮೊಮ್ಮಗಳಮ್ಮ?"

ಪತ್ತೇದಾರಿ ಚೀಲ ಎತ್ತಿಕೊಂಡು ಎದ್ದಳು.

ಅವನು ಮೆಟ್ಟಿಲವರೆಗೆ ಬಂದ. ಮುಖ ಬಿಗಿದಿತ್ತು. "ನಮ್ಮ ಮುತ್ತಜ್ಜಿ ಹೆಸರು ಕದ್ದವರು ಅಂತ ಹೇಳೋಕೆ ನಿಮಗೆ ಎಷ್ಟು ಸುಲಭ ಆಯ್ತು..."

"ಇದ್ದದ್ದು ಹೇಳಿದೆ."

"ಸರಿ. ಇನ್ನು ಈ ಕಡೆ ಬರಬೇಡಿ."

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎಂದು ಗೊಣಗುತ್ತಾ ಅವಳು ಮೆಟ್ಟಿಲಿಳಿದಳು. ಒದೆ ಮಾತ್ರ ನಿಜವಾಗಿಯೂ ಎದೆಗೇ ಬಿದ್ದಿತ್ತು.

ಮರುದಿನ ಅವನು ಅಂಗಡಿಯ ಬಾಗಿಲು ತೆರೆದ. ಅವಳ ಕಿಟಕಿಯತ್ತ ತಲೆಯೆತ್ತಲಿಲ್ಲ. ಅದರ ಮರುದಿನವೂ ಇಲ್ಲ. ಅವನಿಲ್ಲದೆ ಕೋಣೆ ಬಿಕೋ ಎನ್ನುತ್ತಿದೆ ಎಂದು ಅವಳು ಒಪ್ಪಿಕೊಳ್ಳಲೇಬೇಕಾಯಿತು. ಅದಕ್ಕಿಂತ ಹೆಚ್ಚಾಗಿ ಕಾಡಿದ್ದು ಅಜ್ಜಿಯ ಪ್ರಶ್ನೆ.

'ಅಲ್ಲ... ಹೆಸರು ಕದಿಯೋಳಿಗೆ ಎರಡು ವರ್ಷದ ಮಗುವಿನ ಹೆಸರೇ ಯಾಕೆ ಬೇಕಿತ್ತು? ಮದುವೆ ಹೊತ್ತಿಗೆ, ಅಷ್ಟು ವರ್ಷ ಆದಮೇಲೆ, ಆ ಹೆಸರು ಮನೆಯವರಿಗೆ ಬಿಟ್ಟು ಬೇರೆ ಯಾರಿಗೆ ನೆನಪಿರುತ್ತೆ?'

ಎದ್ದಳು. ಬಸ್ಸು ಹಿಡಿದು ಅದೇ ಕಚೇರಿಗೆ ಹೋದಳು. ಮಗು ಸತ್ತ ಪುಟದಿಂದ ಮುಂದಕ್ಕೆ, ಯಾವತ್ತೂ ತಿರುವದ ಪುಟಗಳನ್ನು ತಿರುವುತ್ತಾ ಹೋದಳು. ಮುಂದಿನ ವರ್ಷದ ಜನನಗಳಲ್ಲಿ ಅವಳ ಬೆರಳು ನಿಂತಿತು.

ಅದೇ ಅಪ್ಪ, ಅದೇ ಅಮ್ಮ. ಹೆಣ್ಣು ಮಗು. ಅದೇ ಹೆಸರು.

ಕಳೆದುಕೊಂಡ ಮಗಳ ಹೆಸರನ್ನೇ ಆ ತಾಯಿ ಮುಂದಿನ ಮಗಳಿಗೆ ಇಟ್ಟಿದ್ದಳು. ಯಾರೂ ಏನನ್ನೂ ಕದ್ದಿರಲಿಲ್ಲ.

ಅವಳಿಗೆ ನಾಚಿಕೆಯಾಯಿತು. ಅದರ ಹಿಂದೆಯೇ ದೊಡ್ಡ ಸಂತೋಷವೂ ಬಂತು. ತಪ್ಪು ಮಾಡಿದ್ದು ತಾನೇ ಆದಮೇಲೆ ತಿದ್ದಲು ಇನ್ಯಾರು ಬೇಕು? ನೇರ ಅವನ ಮನೆಗೆ ಹೋಗಿ ಕದ ತಟ್ಟಿದಳು.

"ಬರಬೇಡಿ ಅಂದಿದ್ನಲ್ಲ?"

"ಅಜ್ಜಿನ ನೋಡೋಕೆ ಬಂದೆ. ದಾರಿ ಬಿಡಿ."

ಅವನು ಬಿಟ್ಟ.

"ತಪ್ಪು ನಂದು ಅಜ್ಜಿ. ಅವಸರ ಮಾಡಿದೆ," ಎಂದು ಅಜ್ಜಿಯ ಪಕ್ಕದಲ್ಲೇ ಕೂತಳು. "ನಿಮ್ಮಮ್ಮ ಆ ಮನೆಯ ಮಗಳೇ. ಅವರಿಗೂ ತವರಿತ್ತು. ಒಬ್ಬಳು ಅಕ್ಕನೂ ಇದ್ದಳು, ಇವರು ಹುಟ್ಟೋಕೆ ಮುಂಚೆನೇ ಹೋಗಿಬಿಟ್ಟಳು. ಅಕ್ಕನ ಹೆಸರನ್ನೇ ತಂಗಿಗೆ ಇಟ್ಟಿದಾರೆ."

ಅಜ್ಜಿ ಕಣ್ಣು ಮುಚ್ಚಿದರು. "ಹೆಸರು ಹಿಡಿದು ಕರೆದ್ರೆ ಅಮ್ಮ ಓಗೊಡ್ತಾನೇ ಇರಲಿಲ್ಲ. 'ಅದು ನಂದಲ್ಲ, ಜೋಪಾನ ಮಾಡು ಅಂತ ಕೊಟ್ಟಿದಾರೆ' ಅಂತಿದ್ಲು. ತಮಾಷೆ ಅಂದ್ಕೊಂಡಿದ್ವಿ..."

ಸ್ವಲ್ಪ ಹೊತ್ತು ಬೆರಳು ಮಡಚುತ್ತಾ ಏನೋ ಲೆಕ್ಕ ಹಾಕಿದರು.

"ಅಮ್ಮನ ಅಕ್ಕ. ಅಂದ್ರೆ ನನಗೆ ದೊಡ್ಡಮ್ಮ." ನಗುತ್ತಲೇ ಕಣ್ಣೊರೆಸಿಕೊಂಡರು. "ಎರಡು ವರ್ಷದ ದೊಡ್ಡಮ್ಮ! ವಂಶವೃಕ್ಷದಲ್ಲಿ ಅವಳನ್ನೂ ಬರಿಯಮ್ಮ. ಸಣ್ಣವಳು ಅಂತ ಬಿಟ್ಟುಬಿಡಬೇಡ."

"ಮೊದಲು ಅವಳನ್ನೇ ಬರೀತೀನಿ ಅಜ್ಜಿ."

ಹೊರಗೆ ಮೆಟ್ಟಿಲ ಬಳಿ ಅವನು ನಿಂತಿದ್ದ.

"ನಿಮ್ಮಲ್ಲೂ ಕ್ಷಮೆ ಕೇಳಬೇಕು. ಕೇಳಿದೆ ಅಂದ್ಕೊಳ್ಳಿ."

"ಕ್ಷಮೆ ಕೇಳೋ ರೀತಿನಾ ಇದು?"

"ಕೇಳಿ ಅಭ್ಯಾಸ ಇಲ್ಲ."

ಅವನಿಗೆ ನಗು ತಡೆಯಲಾಗಲಿಲ್ಲ. "ಫೋನಲ್ಲೇ ಹೇಳಬಹುದಿತ್ತು."

"ಮುತ್ತಜ್ಜಿ ವಿಷಯ ಹೇಳಬಹುದಿತ್ತು. ಇನ್ನೊಂದು ಎದುರಿಗೇ ಹೇಳಬೇಕಿತ್ತು." ಅವಳು ಅವನ ಕಣ್ಣನ್ನೇ ನೋಡಿದಳು. "ನನಗೆ ನಿಮ್ಮ ಮೇಲೆ ಮನಸ್ಸಾಗಿದೆ. ಇದರಲ್ಲಿ ಅವಸರ ಮಾಡಿಲ್ಲ, ಚೆನ್ನಾಗಿ ಯೋಚನೆ ಮಾಡಿದೀನಿ. ನಿಮಗೆ ಇಲ್ಲ ಅಂದ್ರೆ ಈಗಲೇ ಅಂದ್ಬಿಡಿ, ಹೋಗ್ತೀನಿ."

"ನನಗೆ ಇನ್ನೂ ಕೋಪ ಇದೆ."

"ಗೊತ್ತು."

"ಗೊತ್ತಿಲ್ಲ. ನನ್ನ ಮೇಲೆನೇ ಕೋಪ. ಬರಬೇಡಿ ಅಂದ್ಬಿಟ್ಟು, ದಿನಾ ಬರ್ತೀರೇನೋ ಅಂತ ಕಾಯ್ತಿದ್ದೆ."

ಅವಳು ಏನು ಮಾಡಬೇಕೆಂದು ತೋಚದೆ ಒಂದು ಮೆಟ್ಟಿಲು ಇಳಿದಳು.

"ಹೋಗಬೇಡ," ಎಂದ ಅವನು ಮೆಲ್ಲಗೆ. "ಕೂತ್ಕೋ."

ಅವಳು ಆ ಮೆಟ್ಟಿಲ ಮೇಲೆಯೇ ಕೂತಳು. ಪಕ್ಕದಲ್ಲಿ ಜಾಗ ಬಿಟ್ಟಳು.

"ನೀನೂ ಕೂತ್ಕೋ."