ಮಂಡಿಯ ಹಿಂದೆ ಕಚ್ಚಿದ ಉಣುಗು

ಬುಧವಾರ ಬೆಳಿಗ್ಗೆ ದಾರಿಂಕಾಳ ಹೆಣ ಸಿಕ್ಕಿತು. ಬೀಚ್ ಮರಗಳ ಕಾಡಿನಲ್ಲಿ, ಮರ ಕಡಿಯುವ ಯೆರ್ನೇಯ್‌ನ ಗುಡಿಸಲಿನಿಂದ ನೂರೇ ಹೆಜ್ಜೆ. ಹಿಂದಿನ ರಾತ್ರಿ ಯಾರೋ ಕತ್ತು ಹಿಸುಕಿದ್ದರು. ಆಕೆ ದ್ರಾಕ್ಷಿ ತೋಟದ ಜೋರಾನ್‌ನ ಹೆಂಡತಿ. ಅವಳ ಮನಸ್ಸು ಯೆರ್ನೇಯ್ ಮೇಲಿದ್ದದ್ದು ಊರಿಗೇ ಗೊತ್ತಿತ್ತು. ಮಧ್ಯಾಹ್ನದೊಳಗೆ ಅವನ ಕೈಗೆ ಕೋಳ ಬಿತ್ತು.

"ಸೋಮವಾರ ಸಂಜೆ ಗಂಡನ್ನ ಬಿಟ್ಟು ಬಂದುಬಿಡ್ತೀನಿ ಅಂದಿದ್ಳು ಅಕ್ಕಾ. ಕಾದೆ, ಬರಲೇ ಇಲ್ಲ. ಮನಸ್ಸು ಬದಲಾಯಿಸಿದ್ಳು ಅಂದ್ಕೊಂಡೆ."

ಅಕ್ಕ ಮಿಲೋಯ್ಕಾ ಒಬ್ಬಳೇ ಅವನ ಮಾತು ನಂಬಿದಳು.

* * *

ರಕ್ತ ಹೀರಿ ಲೈಮ್ ರೋಗ ಹರಡುವ ಉಣುಗುಗಳನ್ನು ಹಿಡಿದು ಪರೀಕ್ಷಿಸುವುದೇ ರಾಜಧಾನಿ ಲುಬ್ಲಿಯಾನಾದ ಪ್ರಯೋಗಾಲಯದಲ್ಲಿ ಅವಳ ಕೆಲಸ. ಶವಪರೀಕ್ಷೆಯ ವರದಿಯಲ್ಲಿ ಒಂದು ಸಾಲಿತ್ತು: ಎಡ ಮಂಡಿಯ ಹಿಂದೆ ಉಣುಗು.

"ನಿನ್ನ ತಮ್ಮನ ಕೇಸು. ನೀನು ಮುಟ್ಟೋ ಹಾಗಿಲ್ಲ," ಎಂದ ಇನ್ಸ್‌ಪೆಕ್ಟರ್ ಕೊಬಾಲ್.

"ಆ ಉಣುಗಿನ ಪರೀಕ್ಷೆ ಬೇರೆಯವರ ಕೈಲಾದ್ರೂ ಮಾಡಿಸಿ ಸಾರ್. ಕಾಲಿಗೆ ಬೀಳ್ತೀನಿ."

ಎರಡು ದಿನ ಅವಳು ಫಲಿತಾಂಶಕ್ಕೆ ಕಾದಳು. ಉಣುಗಿನೊಳಗೆ ಕಾಡಿನ ಇಲಿಗಳಲ್ಲಿರುವ ರೋಗಾಣು ತಳಿಯೇ ಸಿಕ್ಕರೆ ತಮ್ಮನ ಕತೆ ಮುಗಿದಂತೆ.

* * *

ಶುಕ್ರವಾರ ಕೊಬಾಲ್ ಜೋರಾನ್‌ನನ್ನು ಠಾಣೆಗೆ ಕರೆಸಿದ.

"ದಾರಿಂಕಾ ನಿಮ್ಮ ತೋಟಕ್ಕೆ ಕೊನೆಗೆ ಬಂದದ್ದು ಯಾವಾಗ?"

"ಚಳಿಗಾಲದಲ್ಲಿ. ಸೋಮವಾರ ಮನೆಯಿಂದಲೇ ಅವನ ಹತ್ತಿರ ಓಡಿಹೋದ್ಳು."

ಕೊಬಾಲ್ ಮಿಲೋಯ್ಕಾಳತ್ತ ತಿರುಗಿದ. "ಹೇಳಮ್ಮ."

"ಲೈಮ್ ಬ್ಯಾಕ್ಟೀರಿಯಾ ಒಂದೇ ಜಾತಿಯದಲ್ಲ. ಇಲಿಯ ರಕ್ತ ಕುಡಿದ ಉಣುಗಿನಲ್ಲಿ ಒಂದು, ಹಕ್ಕಿಯದರಲ್ಲಿ ಇನ್ನೊಂದು. ದಾರಿಂಕಾಳ ಉಣುಗನ್ನ ಬೇರೆಯವರು ಪರೀಕ್ಷಿಸಿದ್ರು, ಅದರಲ್ಲಿದ್ದದ್ದು ಹಲ್ಲಿಯದು. ಆ ಬೀಚ್ ಕಾಡಲ್ಲಿ ಆರು ವರ್ಷ ಉಣುಗು ಹಿಡಿದಿದ್ದೀನಿ, ಈ ತಳಿ ಒಂದೂ ಸಿಕ್ಕಿಲ್ಲ. ಸಿಕ್ಕಿದ್ದು ಹಲ್ಲಿಗಳು ಬಿಸಿಲು ಕಾಯಿಸೋ ನಿಮ್ಮ ತೋಟದ ಕಲ್ಲುಗೋಡೆ ಹತ್ತಿರ."

"ಒಂದು ಹುಳಕ್ಕೆ ನನ್ನನ್ನು ಜೈಲಿಗೆ ಹಾಕ್ತೀರಾ?" ಜೋರಾನ್ ನಕ್ಕ.

"ಹುಳ ಸಾಲಲ್ಲ," ಎಂದ ಕೊಬಾಲ್. "ತೋಟ ಶೋಧಿಸೋಕೆ ಅಪ್ಪಣೆ ಸಿಗೋಕೆ ಸಾಕಾಯ್ತು. ಬೆಳಿಗ್ಗೆ ನಿನ್ನ ವೈನ್ ಉಗ್ರಾಣ ತೆರೆದೆವು. ಬಾಗಿಲಿನ ಒಳಮೈಯೆಲ್ಲ ಉಗುರಿನ ಗೀರು. ಸಂದಿಯಲ್ಲಿ ಅವಳ ಮುರಿದ ಉಗುರು."

ಜೋರಾನ್‌ನ ನಗು ಮಾಯವಾಯಿತು. "ದಾರಿಯಲ್ಲೇ ಹಿಡಿದು ತಂದು ಕೂಡಿಹಾಕಿದೆ. ಬುದ್ಧಿ ಬರ್ಲಿ ಅಂತ. ಮರುದಿನ ರಾತ್ರಿಯೂ ಅವನ ಹೆಸರೇ ಹೇಳಿದ್ಳು. ಕತ್ತು ಹಿಸುಕಿ, ಹೆಣಾನ ಅವನ ಕಾಡಿಗೇ ಹಾಕಿ ಬಂದೆ."

* * *

ಯೆರ್ನೇಯ್‌ನ ಕೋಳ ಬಿಚ್ಚಿದರು. ಅವನು ಬೆಂಚಿನಿಂದ ಏಳಲಿಲ್ಲ.

"ಆ ಉಣುಗು ಎಷ್ಟು ಹೊತ್ತು ರಕ್ತ ಕುಡಿದಿತ್ತು ಅಕ್ಕಾ?"

ಮಿಲೋಯ್ಕಾ ಸುಳ್ಳು ಹೇಳಲು ನೋಡಿದಳು. ಆಗಲಿಲ್ಲ.

"ಸುಮಾರು ಒಂದು ದಿನ."

"ಅಂದ್ರೆ ಮಂಗಳವಾರ ಪೂರ್ತಿ ಬದುಕಿದ್ಳು. ಬಾಗಿಲು ಕೆರೀತಾ ಇದ್ಳು. ನಾನು ಕಾಡಲ್ಲಿ ಅವಳನ್ನ ಬಯ್ಕೊಂಡು ಸೌದೆ ಒಡೀತಾ ಕೂತಿದ್ದೆ."