ಸಾತವ್ವನ ಮನೆಯ ಆಮೆಚಿಪ್ಪು

೧೯೭೮ರ ಮೇ ತಿಂಗಳ ಒಂದು ಮಧ್ಯಾಹ್ನ ನಾನು ಪತ್ರಿಕೆಯ ವರದಿಗಾಗಿ ಅರಣ್ಯ ರಕ್ಷಕ ಬಸಂತರಾಯರ ಜೊತೆ ದೇವಣಗಾಂವಕ್ಕೆ ಹೋಗಿದ್ದೆ. ಭೀಮಾ ದಂಡೆಯಲ್ಲಿ ಸಾತವ್ವ ಎಂಬ ಮುದುಕಿಯ ಮನೆ. ಅವಳ ದೇವರ ಜಗಲಿಯ ಕೆಳಗೆ ಹಿಟ್ಟು ನಾದುವ ಪರಾತದಷ್ಟು ಅಗಲದ ಆಮೆಚಿಪ್ಪು ಇತ್ತು. ಹೊಸ ವನ್ಯಜೀವಿ ಕಾಯ್ದೆಯ ಪ್ರಕಾರ ಅದನ್ನು ಇಟ್ಟುಕೊಳ್ಳುವುದೇ ಅಪರಾಧ. ಆಮೆಯನ್ನು ಕೊಂದಿದ್ದರೆ ಜೈಲು.

“ಯವ್ವಾ, ಇದರ ಮಾಲಕರು ಯಾರು?” ಎಂದರು ಬಸಂತರಾಯರು.

“ಆಮಿ.”

“ಆಮಿನ್ನ ಕೊಂದವರು ಯಾರು ಅಂತ ಕೇಳಾಕತ್ತೇನಿ.”

“ಯಾರೂ ಕೊಂದಿಲ್ಲಪಾ. ನಮ್ಮತ್ತಿ ಕಾಲದಾಗ ಹೊಳಿಯಿಂದ ಬಂದು ಚಿಪ್ಪು ಇಲ್ಲೇ ಕಳಚಿಟ್ಟು ಹೋತು. ನಾವು ಕಾಯಾಕತ್ತೇವಿ. ನೀ ಒಯ್ದರ, ಅದು ಬಂದು ಕೇಳಿದಾಗ ನಾ ಏನ್ ಹೇಳ್ಲಿ?”

“ಸರಕಾರ ಒಯ್ತು ಅಂತ ಹೇಳಬೇ,” ಎಂದು ಅವರು ನಕ್ಕರು.

ಚಿಪ್ಪನ್ನು ಇಬ್ಬರೂ ಹಿಡಿದು ಜೀಪಿಗೆ ಏರಿಸಿದೆವು. ಆ ಉರಿಬಿಸಿಲಿನಲ್ಲೂ ಅದು ಬಾವಿನೀರಿನಷ್ಟು ತಣ್ಣಗಿತ್ತು. ಸಿಂದಗಿಯ ಪಶು ಆಸ್ಪತ್ರೆ ತಲುಪುವವರೆಗೂ ಅದರ ಒಳಮೈ ಬೆವರುತ್ತಲೇ ಇತ್ತು. ಒರೆಸಿದರೆ ಮತ್ತೆ ಹನಿಗಳು, ಹಸಿ ಮರಳಿನ ವಾಸನೆ.

ಆಮೆ ಹೇಗೆ ಸತ್ತಿತೆಂದು ಹೇಳಬೇಕಾದವರು ಪಶುವೈದ್ಯರು. ಸಾತವ್ವನ ಮೇಲೆ ಕೇಸು ಆಗುವುದು ಬಿಡುವುದು ಅವರ ಮಾತಿನ ಮೇಲಿತ್ತು. ಬೆನ್ನೆಲುಬು, ಪಕ್ಕೆಲುಬುಗಳು ಚಿಪ್ಪಿಗೇ ಬೆಸೆದಿರುವುದರಿಂದ ಯಾವ ಆಮೆಯೂ ಅದನ್ನು ಕಳಚಿ ಹೋಗಲಾರದು ಎಂದು ಅವರು ಮೊದಲು ನಮಗೆ ವಿವರಿಸಿದರು. ಆಮೇಲೆ ಚಿಪ್ಪನ್ನು ಮಗುಚಿ, ಒಳಗೆ ಬೆರಳಾಡಿಸಿ, ನನ್ನತ್ತ ಸರಿಸಿದರು.

ನಾನೂ ಕೈಯಿಟ್ಟು ನೋಡಿದೆ. ಎಲುಬುಗಳಿರಲಿಲ್ಲ. ಕೊಯ್ದ ಗುರುತಾಗಲಿ, ಕಿತ್ತ ಗುರುತಾಗಲಿ ಎಲ್ಲೂ ಇರಲಿಲ್ಲ. ಒಳಗೆಲ್ಲ ಹೊಸ ಗಡಿಗೆಯಂತೆ ನುಣುಪು.

“ಇದರಾಗ ಯಾವ ಜೀವಾನೂ ಸತ್ತಿಲ್ಲರಿ,” ಎಂದರು ವೈದ್ಯರು. “ಆ ಮುದುಕಿಗಿ ವಾಪಸ್ ಕೊಟ್ಟು ಬರ್ರಿ. ಲಗೂನ ಹೋಗ್ರಿ.”