ಮಿಕ್ಕಿದ ಒಂದು ಲೋಟ ಚಹ

ಎಲ್ಲರಿಗೂ ಚಹ ಹಂಚಿದ ಮೇಲೆ ಒಂದು ಲೋಟ ಮಿಕ್ಕಿತು. ಮೊದಲು ಅದು ನನ್ನ ಕೈಯ ತಪ್ಪೆಂದುಕೊಂಡೆ. ಮಗ ಸಮುದ್ರದಲ್ಲಿ ತೀರಿಹೋಗಿ ಮೂರು ವರ್ಷವಾದರೂ ಆಗಾಗ ಅವನದೂ ಸೇರಿ ಒಂದು ಲೋಟ ಹೆಚ್ಚು ತುಂಬಿಸಿಬಿಡುತ್ತೇನೆ. ತಟ್ಟೆ ಕೆಳಗಿಟ್ಟು ಕಣ್ಣು ಮುಚ್ಚಿ ದೇವರನ್ನು ನೆನೆಯುತ್ತ ಕುಳಿತೆ. ಹತ್ತು ನಿಮಿಷ ಕಳೆದ ಮೇಲೆ ಯಾಕೋ ಮನಸ್ಸು ತಡೆಯದೆ ಎಣಿಸಿದೆ. ದೋಣಿಯಲ್ಲಿ ಏಳು ಜನ. ನಾನು ತುಂಬಿಸಿದ್ದೂ ಏಳೇ.

"ತಾಯೀ, ಹಲ್ಲಿನ ಡಾಕ್ಟರು ಎಲ್ಲಿ?"

ಸೊಸೆ ಚಂಗನೆ ಎದ್ದಳು. ಒಳಗಿನ ಕೋಣೆ ಖಾಲಿಯಾಗಿತ್ತು. ಬೆಳಗ್ಗೆ ಹೊಟ್ಟೆ ತೊಳಸಿ ಡಾಕ್ಟರು ಅಲ್ಲೇ ಮಲಗಿದ್ದರು. ಈಗಲೂ ನೀರಿನಿಂದ ಬಂದು ಅಲ್ಲೇ ಮಲಗಿರಬಹುದೆಂದು ಎಲ್ಲರೂ ನಂಬಿದ್ದೆವು.

"ತಿರುಗಿಸಣ್ಣಾ!" ಎಂದು ಚಾಲಕನಿಗೆ ಕೂಗಿದಳು.

ನನ್ನ ಸೊಸೆ ಡೈವ್ ಮಾಸ್ಟರ್. ಪ್ರವಾಸಿಗರನ್ನು ಸಮುದ್ರದಡಿಗೆ ಕರೆದೊಯ್ದು ಕ್ಷೇಮವಾಗಿ ಕರೆತರುವುದು ಅವಳ ಕೆಲಸ. ದಡದಲ್ಲಿ ಏನು ಕಳೆದರೂ ಜನ ಪೊಲೀಸರಿಗಿಂತ ಮೊದಲು ಅವಳ ಬಳಿಗೆ ಬರುತ್ತಿದ್ದರು. ನಾನು ಸಿಲಿಂಡರಿಗೆ ಗಾಳಿ ತುಂಬುವವನು. ನಮ್ಮಲ್ಲಿ ಒಂದು ಪದ್ಧತಿಯಿದೆ. ನೀರಿಗಿಳಿಯುವವರು ತಮ್ಮ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಮೈಮೇಲೆ ಸಿಕ್ಕಿಸಿಕೊಂಡು ಹೋಗಿ, ಮೇಲೆ ಬಂದೊಡನೆ ದೋಣಿಯ ಗೋಡೆಗೆ ಹೊಡೆದ ಕಂಬಿಗೆ ಪೋಣಿಸಬೇಕು. ಬಿಲ್ಲೆಗಳೆಲ್ಲ ಬಂದರೆ ದೋಣಿ ಹೊರಡುತ್ತದೆ. ಡಾಕ್ಟರ ನಾಲ್ಕನೇ ನಂಬರಿನ ಬಿಲ್ಲೆ ಕಂಬಿಯಲ್ಲೇ ಇತ್ತು.

"ಬೆಳಗ್ಗೆ ಡಾಕ್ಟರ ಜೊತೆ ಜಗಳ ಆಡಿದ್ದು ಇವರೇ ತಾನೆ?" ಎಂದು ಚಾಲಕ, ಪ್ರವಾಸಿಗರಲ್ಲಿ ನೀರಿನಡಿ ಫೋಟೋ ತೆಗೆಯುವವನೊಬ್ಬನ ಕಡೆ ಕೈ ತೋರಿಸಿದ.

"ಕೂರೋ ಜಾಗಕ್ಕೆ ಜಗಳ ಆಡಿದ್ರೆ ಕೊಲೆ ಮಾಡ್ತಾರೇನ್ರೀ?" ಎಂದು ಫೋಟೋದವನ ಹೆಂಡತಿ ಸಿಡುಕಿದಳು. ನೀರಿನಲ್ಲಿ ಅವಳ ಮೀನಖಂಡ ಹಿಡಿದುಕೊಂಡದ್ದರಿಂದಲೇ ಎಲ್ಲರೂ ಮೇಲೆ ಬಂದ ನಂತರ ಎಂದಿನಂತೆ ಅರ್ಧ ಗಂಟೆ ನಿಲ್ಲದೆ ನಾವು ಹೊರಟುಬಿಟ್ಟಿದ್ದೆವು.

ಡಾಕ್ಟರ ಬಾಮೈದ ಕಿವಿನೋವೆಂದು ನೀರಿಗಿಳಿದಿರಲಿಲ್ಲ. ಮಾತ್ರೆ ನುಂಗಿ ಹೊರಗಿನ ಬೆಂಚಿನ ಮೇಲೆ ಮಲಗಿದ್ದು, ಚಹಕ್ಕೆಂದು ಎದ್ದವನು ಈಗ ಬಿಳಿಚಿಕೊಂಡು ನಿಂತಿದ್ದ.

ಸೊಸೆ ಬಿಲ್ಲೆಗಳನ್ನು ಒಂದೊಂದಾಗಿ ನಾಲಗೆಗೆ ಮುಟ್ಟಿಸಿ ನೋಡಿದಳು. ಆಮೇಲೆ ಎಲ್ಲರನ್ನೂ ಕಂಬಿಯ ಮುಂದೆ ಕರೆದಳು.

"ಮಾವ, ನಿನ್ನೆ ಸಂಜೆ ಇವನ್ನ ತೊಳೆದಿದ್ರಾ?"

"ದಿನಾ ಸಿಹಿನೀರಲ್ಲಿ ತೊಳೀತೀನಮ್ಮ."

"ನಮ್ಮ ಮೂರು ಬಿಲ್ಲೆ ಉಪ್ಪು ಉಪ್ಪು. ನಾಲ್ಕನೇದು ಒದ್ದೆಯಾಗಿದೆ, ಉಪ್ಪಿಲ್ಲ. ಇದು ಸಮುದ್ರಕ್ಕೆ ಇಳಿದೇ ಇಲ್ಲ. ಯಾರೋ ಕ್ಯಾಮೆರಾ ತೊಳೆಯೋ ಸಿಹಿನೀರಿನ ಟಬ್ಬಲ್ಲಿ ಅದ್ದಿದ್ದಾರೆ."

"ಟಬ್ಬು ಇವರದ್ದೇ!" ಎಂದ ಚಾಲಕ, ಫೋಟೋದವನತ್ತ ತಿರುಗಿ.

"ತಡಿಯಣ್ಣ. ಕಂಬಿಯ ಒಂದು ತುದಿ ಮುಚ್ಚಿದೆ. ಮೊದಲು ಹಾಕಿದ್ದು ಎಲ್ಲಕ್ಕಿಂತ ಒಳಗಿರತ್ತೆ. ಒಳಗಿರೋದು ನಾಲ್ಕನೇದು. ನಾವು ಮೂವರೂ ಮೇಲೆ ಬರೋ ಮುಂಚೇನೆ ಅದು ಇಲ್ಲಿತ್ತು. ಅಂದ್ರೆ ಹಾಕಿದ್ದು ದೋಣಿಯಲ್ಲೇ ಉಳಿದವರು. ಮಾವ, ಡಾಕ್ಟರು ನೀರಿಗೆ ಹಾರೋವಾಗ ಪಕ್ಕದಲ್ಲಿ ಯಾರಿದ್ರು?"

"ಚಾಲಕ ಮುಂದೆ ಲಂಗರಿನ ಹತ್ತಿರ ಇದ್ದ. ಸಿಲಿಂಡರಿನ ಪಟ್ಟಿ ಬಿಗಿದು ಕೊಟ್ಟದ್ದು ಬಾಮೈದ."

"ಮೈಮೇಲಿನ ಬಿಲ್ಲೆ ಡಾಕ್ಟರು ತಾವಾಗಿ ಕೊಡದೆ ಯಾರ ಕೈಗೂ ಬರಲ್ಲ. ಕೆಳಗೆ ಅವರು ನನಗೆ ಹೆಬ್ಬೆರಳೆತ್ತಿ 'ಮೇಲೆ ಹೋಗ್ತೀನಿ' ಅಂತ ಸನ್ನೆ ಮಾಡಿದ್ರು. ನಾನು ಇವರ ಹಿಡಿದುಕೊಂಡ ಮೀನಖಂಡ ನೀವ್ತಾ ಇದ್ದೆ, ನಂಬಿದೆ. ಅವರು ಬೆಳಗ್ಗೆ ನಿಮ್ಮನ್ನ ಏನಾದ್ರೂ ಕೇಳಿದ್ರಾ ಮಾವ?"

"ಟಾರ್ಚು ಕೇಳಿದ್ರು. ಕೊಟ್ಟೆ."

"ಬಿಸಿಲು ತಳ ಮುಟ್ಟೋ ಬಂಡೆಗಳಲ್ಲಿ ಟಾರ್ಚು ಯಾಕೆ? ಇಲ್ಲಿ ಕತ್ತಲಿರೋದು ಒಂದೇ ಕಡೆ."

ಆ ಹೆಸರನ್ನು ಅವಳು ಹೇಳಲಿಲ್ಲ. ಬಂಡೆಗಳ ಆಚೆ ಮುಳುಗಿರುವ ಹಳೆಯ ಹಡಗು. ನನ್ನ ಮಗ ಒಳಹೊಕ್ಕು ಹೊರಬಾರದ ಜಾಗ. ಅಲ್ಲಿಗೆ ಯಾರನ್ನೂ ಬಿಡುವುದಿಲ್ಲವೆಂದು ಬೆಳಗ್ಗೆಯೇ ಸಾರಿದ್ದಳು.

ಬಾಮೈದ ಮುಂದೆ ಬಂದ. "ಭಾವಾನೇ ಹೇಳಿದ್ದು. 'ನನ್ನ ಬಿಲ್ಲೆ ಹಾಕಿಡು, ಹೊರಡೋದಕ್ಕೆ ಮುಂಚೆ ಬಂದ್ಬಿಡ್ತೀನಿ' ಅಂದ್ರು. ಮಾತ್ರೆ ನಿದ್ದೆ ಹತ್ತಿಸಿಬಿಡ್ತು. ಎದ್ದಾಗ... ಅಕ್ಕನಿಗೆ ಏನು ಮುಖ ತೋರಿಸಲಿ?"

"ಅದನ್ನ ಆಮೇಲೆ ಅಳು. ಅಣ್ಣಾ, ಬಂಡೆ ಕಡೆ ಬೇಡ. ಗಾಳಿ ಮುಗಿದು ಮೇಲೆ ಬಂದಿರ್ತಾರೆ. ಹಡಗಿನಿಂದ ಸೆಳೆತ ತೆಂಕಲಿಗಿದೆ, ಅತ್ತ ನಡಿ."

ಮೂರು ವರ್ಷದ ಮೇಲೆ ದೋಣಿ ಆ ಕಡೆ ಮುಖ ಮಾಡಿತು. ನಾನು ಕಣ್ಣು ಮುಚ್ಚಿ ಪ್ರಾರ್ಥಿಸಲಿಲ್ಲ. ಕಣ್ಣು ತೆರೆದೇ ಪ್ರಾರ್ಥಿಸಿದೆ. ಅಲೆ, ಮತ್ತೆ ಅಲೆ. ಆಮೇಲೆ, ಅಲೆಗಳ ನಡುವೆ, ಹಗಲಿನಲ್ಲೂ ಹತ್ತಿ ಆರುತ್ತಿದ್ದ ನನ್ನ ಟಾರ್ಚು.

ಎಳೆದುಕೊಂಡಾಗ ಡಾಕ್ಟರ ಹಲ್ಲು ಕಟಕಟ ಎನ್ನುತ್ತಿದ್ದವು. "ಬೈಯಮ್ಮಾ, ಬೈದುಬಿಡು" ಎಂದರು. ಸೊಸೆ ಕಂಬಿಯ ಬಿಲ್ಲೆಗಳನ್ನೆಲ್ಲ ಬಿಚ್ಚಿ ಡಬ್ಬಿಗೆ ಹಾಕಿದಳು.

"ನಾನು ಹಿತ್ತಾಳೆ ನೋಡಿದೆ ಮಾವ, ಮುಖ ನೋಡಲಿಲ್ಲ. ಇನ್ನು ಮೇಲೆ ಚಹ ಕೊಟ್ಟೇ ದೋಣಿ ಬಿಡೋಣ. ನೀವು ಎಣಿಸಿ."

ಮಿಕ್ಕಿದ್ದ ಲೋಟವನ್ನು ಡಾಕ್ಟರಿಗೆ ಕೊಟ್ಟೆ. ಚಹ ಆರಿ ತಣ್ಣಗಾಗಿತ್ತು. ಅವರು ಎರಡೂ ಕೈಯಲ್ಲಿ ಹಿಡಿದು ಕಡೆಯ ಗುಟುಕಿನವರೆಗೂ ಕುಡಿದರು. ಖಾಲಿ ಲೋಟವನ್ನು ನಾನು ಬಹಳ ಹೊತ್ತು ತೊಳೆದೆ.